ಬಳೇಪೇಟೆಯಿಂದ ಶಿವಗಂಗೆಗೆ ಕಾಲ್ನಡಿಗೆ

ಬಳೇಪೇಟೆಯಲ್ಲಿ ಮನೆ ಇದ್ದವರಿಗೆ ಜಗತ್ತಿನ ಯಾವ ಮೂಲೆಯೂ ದೂರವಲ್ಲ. ಹತ್ತು ನಿಮಿಷ ನಡೆದರೆ ಕೆಂಪೇಗೌಡ ಬಸ್ ನಿಲ್ದಾಣ, ಅದರ ಎದುರಿಗೆ ರೈಲು ನಿಲ್ದಾಣ. ಇತ್ತ ಚಿಕ್ಕಪೇಟೆಯ ನೆಲದಡಿಯಲ್ಲಿ ಮೆಟ್ರೊ. ಇಷ್ಟೆಲ್ಲ ವಾಹನಗಳ ನಡುವೆ ಹುಟ್ಟಿ ಬೆಳೆದ ಹುಡುಗನೊಬ್ಬ ಒಂದು ದಿನ ಊಟದ ಎಲೆಯ ಮುಂದೆ ಕುಳಿತು, “ಈ ಬೇಸಿಗೆ ರಜದಲ್ಲಿ ನಾನೊಬ್ಬನೇ ನಡೆದುಕೊಂಡು ಹೋಗುತ್ತೇನೆ” ಎಂದರೆ ಮನೆಯವರಿಗೆ ದಿಗಿಲಾಗುವುದು ಸಹಜವೇ ಅಲ್ಲವೇ?

ಹೀಗೆಂದವನು ನನ್ನ ಅಕ್ಕನ ಮಗ. ಹದಿನೇಳು ತುಂಬಿ ಹದಿನೆಂಟು ನಡೆಯುತ್ತಿರುವ ವಯಸ್ಸು. ಪಿ.ಯು.ಸಿ., ಸಿ.ಇ.ಟಿ. ಎರಡೂ ಮುಗಿದು ತಲೆಯ ಮೇಲಿನ ಭಾರ ಇಳಿದಿತ್ತು. ಬೆನ್ನಿಗೊಂದು ಭಾರ ಬೇಕೆನಿಸಿತೋ ಏನೋ! ಅಕ್ಕ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿಟ್ಟು, “ಒಬ್ಬನೇ ಎಂದರೆ?” ಎಂದಳು. ಭಾವ ಮಾತಾಡಲಿಲ್ಲ. ಅವರು ಮಾತಾಡಲಿಲ್ಲವೆಂದರೆ ವಿಷಯ ನನ್ನ ಪಾಲಿಗೆ ಬಂತೆಂದೇ ಅರ್ಥ.

ಮರುದಿನ ಹುಡುಗ ನಕ್ಷೆಯೊಂದನ್ನು ತಂದು ನನ್ನ ಮುಂದೆ ಹರಡಿದ. ಅವನ ಗುರಿ ಕುಮಾರಪರ್ವತ. ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟು, ಚಾರಣಿಗರಿಗೆ ದಶಕಗಳ ಕಾಲ ಅನ್ನವಿಕ್ಕಿ ಹೆಸರಾದ ಗಿರಿಗದ್ದೆಯ ಭಟ್ಟರ ಮನೆ, ಕಲ್ಲುಮಂಟಪ, ಶೇಷಪರ್ವತಗಳನ್ನು ದಾಟಿ 1712 ಮೀಟರ್ ಎತ್ತರದ ನೆತ್ತಿಯನ್ನು ಮುಟ್ಟಿ, ಆಚೆ ಸೋಮವಾರಪೇಟೆಯ ಕಡೆಗೆ ಇಳಿಯುವುದು. ಏಪ್ರಿಲ್ ಕೊನೆಯಲ್ಲಿ, ಒಬ್ಬನೇ!

“ಯೋಜನೆ ಚೆನ್ನಾಗಿದೆ. ಆದರೆ ಆಗ ಬೆಟ್ಟದ ಬಾಗಿಲು ಮುಚ್ಚಿರುತ್ತದೆ” ಎಂದೆ.

“ಬೆಟ್ಟಕ್ಕೆ ಬಾಗಿಲೆಲ್ಲಿದೆ, ಮಾಮ?”

ಬೆಟ್ಟದ ಬಾಗಿಲು

ಬಾಗಿಲು ಇದೆ. ಕುಮಾರಪರ್ವತ ಪುಷ್ಪಗಿರಿ ವನ್ಯಜೀವಿಧಾಮಕ್ಕೆ ಸೇರಿದ್ದು. ಮಳೆಗಾಲ ಮುಗಿದ ಮೇಲೆ ಆಳೆತ್ತರ ಬೆಳೆದು ನಿಂತ ಹುಲ್ಲು ಬೇಸಿಗೆಯಲ್ಲಿ ಒಣಗಿ ದರ್ಭೆಯಂತಾಗುತ್ತದೆ, ತೊರೆಗಳು ಬತ್ತುತ್ತವೆ. ಯಾರೋ ಎಸೆದ ಬೀಡಿಯ ತುಂಡು ಸಾಕು, ಒಂದು ಇಳಿಜಾರು ಪೂರ್ತಿ ಹೊತ್ತಿಕೊಳ್ಳುತ್ತದೆ. ಆದ್ದರಿಂದಲೇ ಬೇಸಿಗೆಯ ತಿಂಗಳುಗಳಲ್ಲಿ ಅರಣ್ಯ ಇಲಾಖೆಯವರು ಆ ದಾರಿಯನ್ನು ಮುಚ್ಚುತ್ತಾರೆ.

ಇದು ಬರಿಯ ಸರಕಾರಿ ಅಡ್ಡಿಯೆಂದು ಹುಡುಗ ಮುಖ ಊದಿಸಿಕೊಂಡಾಗ ನಾನು ಅವನಿಗೆ ಕುರಂಗಣಿಯ ವಿಷಯ ಹೇಳಬೇಕಾಯಿತು. 2018ರ ಮಾರ್ಚ್ 11ರಂದು ತಮಿಳುನಾಡಿನ ಥೇಣಿ ಜಿಲ್ಲೆಯ ಆ ಬೆಟ್ಟಸಾಲಿನಲ್ಲಿ ಚಾರಣಿಗರ ತಂಡಗಳು ಕಾಡ್ಗಿಚ್ಚಿನ ನಡುವೆ ಸಿಕ್ಕಿಕೊಂಡವು. ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ವಾರದ ರಜೆಗೆಂದು ಪಟ್ಟಣಗಳಿಂದ ಹೋಗಿದ್ದ ಎಳೆಯರು. ಬೆಂಕಿ ಏರುಮುಖವಾಗಿ ಓಡುವಷ್ಟು ವೇಗವಾಗಿ ಮನುಷ್ಯ ಓಡಲಾರ. ಒಣಹುಲ್ಲಿನ ಇಳಿಜಾರಿನಲ್ಲಿ ಮೇಲಕ್ಕೆ ಓಡಿದವನನ್ನು ಅದು ಹಿಂದಿನಿಂದ ಬಂದು ಹಿಡಿಯುತ್ತದೆ.

ಇನ್ನೊಂದು ಮಾತನ್ನೂ ಹೇಳಿದೆ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜಾತ್ರೆಯಂತೆ ಜನ ನುಗ್ಗಿದ ಮೇಲೆ ರಾಜ್ಯದಲ್ಲಿ ಚಾರಣಕ್ಕೆ ಬಿಗಿಯಾದ ಕಟ್ಟಳೆ ಬಂತು. ಕಾಡಿನ ದಾರಿಗಳಿಗೆ ಈಗ ಮುಂಗಡವಾಗಿ ಅನುಮತಿಚೀಟಿ ಪಡೆಯಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಉಂಟು. ಮನಸ್ಸಿಗೆ ಬಂದಾಗ ಕಾಡು ಹೊಕ್ಕುಬಿಡುವ ಕಾಲ ಹೋಯಿತು.

ಹುಡುಗ ನಕ್ಷೆಯನ್ನು ಮಡಚಿದ. ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಬಂದು, “ಕಾಡು ಬೇಡ ಎಂದರೆ ನೆಲವೂ ಬೇಡವೇ?” ಎಂದ. ಈ ಪ್ರಶ್ನೆ ನನಗೆ ಹಿಡಿಸಿತು. ನಾವಿಬ್ಬರೂ ಮತ್ತೆ ನಕ್ಷೆ ಬಿಚ್ಚಿದೆವು.

ಬಳೇಪೇಟೆಯಿಂದ ಪಶ್ಚಿಮಕ್ಕೆ ಮಾಗಡಿ ರಸ್ತೆ. 1537ರಲ್ಲಿ ಈ ಪೇಟೆಗಳನ್ನು ಕಟ್ಟಿಸಿದ ಕೆಂಪೇಗೌಡನ ವಂಶದವರು ಮುಂದೆ ನೆಲೆಸಿದ್ದು ಆ ಮಾಗಡಿಯಲ್ಲೇ. ಊರು ಕಟ್ಟಿದವರ ಜಾಡಿನಲ್ಲಿ ನಡೆದುಹೋಗುವುದಕ್ಕಿಂತ ಒಳ್ಳೆಯ ಮೊದಲ ಯಾತ್ರೆ ಯಾವುದಿದ್ದೀತು? ಹೀಗೆ ಹೊಸ ಯೋಜನೆ ಸಿದ್ಧವಾಯಿತು: ಮೊದಲ ದಿನ ತಾವರೆಕೆರೆ, ಎರಡನೆಯ ದಿನ ಅರ್ಕಾವತಿಯನ್ನು ದಾಟಿ, ತಿಪ್ಪಗೊಂಡನಹಳ್ಳಿ ಜಲಾಶಯದ ನೆರೆಯಲ್ಲಿ ಹಾದು ಮಾಗಡಿ, ಮೂರನೆಯ ದಿನ ಸಾವನದುರ್ಗಕ್ಕೆ ಹೋಗಿ ಬರುವುದು, ನಾಲ್ಕು ಮತ್ತು ಐದನೆಯ ದಿನ ಸೋಲೂರಿನ ಮೇಲೆ ಹಾದು ಶಿವಗಂಗೆ, ಆರನೆಯ ಬೆಳಗ್ಗೆ ಬೆಟ್ಟ ಹತ್ತಿ ಇಳಿದು, ಬಸ್ಸಿನಲ್ಲಿ ಮನೆಗೆ. ಒಟ್ಟು ಸುಮಾರು ನೂರಹತ್ತು ಕಿಲೋಮೀಟರು. ರಾತ್ರಿಯ ತಂಗುದಾಣಗಳೆಲ್ಲ ನಂಟರ ಅಥವಾ ಪರಿಚಿತರ ಮನೆಗಳು.

ನಾಲ್ಕು ಗೋಪುರಗಳ ಪರೀಕ್ಷೆ

ಹೊರಡುವ ಮುನ್ನ ಒಂದು ಪರೀಕ್ಷೆಯಾಗಬೇಕೆಂದು ನಾನು ಪಟ್ಟು ಹಿಡಿದೆ. ನಗರದ ನಾಲ್ಕು ಕಡೆ ನಿಂತಿರುವ ಗಡಿಗೋಪುರಗಳನ್ನು ಓದುಗರು ಬಲ್ಲರು. ಊರು ಇಲ್ಲಿಯವರೆಗೆ ಬೆಳೆಯಲಿ ಎಂದು ಎಲ್ಲೆ ಗುರುತಿಸಿ ಕಟ್ಟಿಸಿದ್ದೆಂದು ಪ್ರತೀತಿ. ಆ ನಾಲ್ಕನ್ನೂ ಒಂದೇ ದಿನ, ಪೂರ್ತಿ ತುಂಬಿದ ಚೀಲ ಹೊತ್ತು ಸುತ್ತಿ ಬರಬೇಕು. ಬಳೇಪೇಟೆಯಿಂದ ಮೇಖ್ರಿ ವೃತ್ತ, ಅಲ್ಲಿಂದ ಹಲಸೂರು ಕೆರೆ, ಲಾಲ್‌ಬಾಗಿನ ಬಂಡೆ, ಕೆಂಪಾಂಬುಧಿ ಕೆರೆಯ ಗೋಪುರ, ಚಾಮರಾಜಪೇಟೆಯ ಮೇಲೆ ಹಾದು ಮರಳಿ ಮನೆ. ಸುಮಾರು ಇಪ್ಪತ್ತೈದು ಕಿಲೋಮೀಟರು, ಎಂದರೆ ಯಾತ್ರೆಯ ಒಂದು ದಿನದ ನಡಿಗೆ.

ಬೆಳಗಿನ ಐದಕ್ಕೆ ಹೊರಟವನು ಮಧ್ಯಾಹ್ನ ಒಂದೂವರೆಗೆ ಬಂದ. ಮುಖ ಕುದಿಸಿದ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು. ಹಿಮ್ಮಡಿಯಲ್ಲಿ ಎರಡು ದೊಡ್ಡ ಬೊಬ್ಬೆಗಳು. ಲಾಲ್‌ಬಾಗಿನ ಬಂಡೆ ಏರುವಾಗ ನೀರು ಮುಗಿದುಹೋಗಿತ್ತಂತೆ. ಹೊಸ ಬೂಟನ್ನು ಯಾತ್ರೆಗೆಂದು ಕಾಪಾಡಿಟ್ಟು ಅಂದೇ ಮೊದಲು ತೊಟ್ಟಿದ್ದ! ಹೊಸ ಬೂಟು ಹೊಸ ಸೊಸೆಯಂತೆ. ಹೊಂದಿಕೊಳ್ಳಲು ಅದಕ್ಕೂ ಕಾಲಿಗೂ ಕೆಲವು ವಾರ ಬೇಕು. ಬಳಸಿ ಮೆತ್ತಗಾದ ಬೂಟು, ಅದರೊಳಗೆ ದಿನಕ್ಕೆರಡು ಜೊತೆ ಕಾಲುಚೀಲ, ಉಜ್ಜಿದಂತೆನಿಸಿದೊಡನೆ ನಿಂತು ಆ ಜಾಗಕ್ಕೆ ಪಟ್ಟಿ ಹಚ್ಚುವುದು. ಇಷ್ಟನ್ನು ಯಾವ ಪುಸ್ತಕವೂ ಬೊಬ್ಬೆಯಷ್ಟು ಚೆನ್ನಾಗಿ ಕಲಿಸದು.

ಚೀಲವನ್ನು ತೂಗಿದೆವು: ಹದಿಮೂರು ಕಿಲೋ. ಐವತ್ತೆಂಟು ಕಿಲೋ ತೂಗುವ ಹುಡುಗನಿಗೆ ಅದು ಹೆಚ್ಚು. ಒಂದೊಂದನ್ನೇ ತೆಗೆಸಿದಾಗ ಒಳಗಿನಿಂದ ಮೂರು ಡಬ್ಬಿ ಕೋಡುಬಳೆ, ಒಂದು ಡಬ್ಬಿ ಚಕ್ಕುಲಿ, ತಣ್ಣೀರಿಗೂ ಬಿಸಿನೀರಿಗೂ ಬೇರೆ ಬೇರೆ ಫ್ಲಾಸ್ಕುಗಳು ಹೊರಬಂದವು. ಎಲ್ಲವೂ ಅಕ್ಕನ ಸೇವೆ. ಅವುಗಳ ಬದಲಿಗೆ ಹುರಿಹಿಟ್ಟು, ಅವಲಕ್ಕಿ, ಬೆಲ್ಲ, ಕಡಲೆಕಾಯಿ, ನಾಲ್ಕು ನಿಂಬೆಹಣ್ಣು ಸೇರಿದವು. ಒಣದಿನಿಸುಗಳನ್ನೆಲ್ಲ ಬಳೇಪೇಟೆಯ ಸುತ್ತಮುತ್ತಲೇ ಕೊಂಡೆವು. ಬಳೆಗಾರರ ಹೆಸರಿನ ಈ ಬೀದಿಯಲ್ಲಿ ಇಂದು ರೇಷ್ಮೆ ಸೀರೆಯ ಅಂಗಡಿ, ವೀಣೆ ತಬಲಗಳ ಅಂಗಡಿ, ಗ್ರಂಧಿಗೆ ಅಂಗಡಿ ಎಲ್ಲವೂ ಇವೆ. ಹಾರ್ಮೋನಿಯಂ ರಿಪೇರಿಯ ಮುದುಕರೊಬ್ಬರು ಚೀಲದ ಹರಿದ ಪಟ್ಟಿಯನ್ನು ತಿದಿಗೆ ಹೊಲಿಯುವ ದಾರದಲ್ಲೇ ಹೊಲಿದುಕೊಟ್ಟು, “ಇನ್ನು ಚೀಲ ಹರಿಯಬಹುದು, ಪಟ್ಟಿ ಹರಿಯದು” ಎಂದರು.

ನೀರಿನ ಲೆಕ್ಕ ಬೇರೆ. 2016ರ ಏಪ್ರಿಲ್‌ನಲ್ಲಿ ನಮ್ಮ ತಂಪು ಬೆಂಗಳೂರೇ 39.2 ಡಿಗ್ರಿ ಕಂಡಿತು. ಅಂಥ ಬಿಸಿಲಿನಲ್ಲಿ ನಡೆಯುವವನಿಗೆ ಗಂಟೆಗೆ ಅರ್ಧ ಲೀಟರಾದರೂ ನೀರು ಬೇಕು. ಬರಿಯ ನೀರೂ ಸಾಲದು. ಬೆವರಿನೊಡನೆ ಉಪ್ಪು ಹೋಗಿರುತ್ತದೆ. ಲೀಟರು ಶುದ್ಧ ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು. ಚಮಚ ತಲೆತಟ್ಟಿರಬೇಕು, ಗುಡ್ಡೆಯಾಗಿರಬಾರದು. ನಡೆಯುವ ಹೊತ್ತು ಬೆಳಗಿನ ಐದರಿಂದ ಹತ್ತು, ಸಂಜೆ ನಾಲ್ಕರಿಂದ ಆರೂವರೆ. ನಡುವೆ ಆಲದ ಮರವೋ, ಗುಡಿಯ ಜಗಲಿಯೋ, ಶಾಲೆಯ ಮುಂಗಟ್ಟೋ ಸಿಕ್ಕಲ್ಲಿ ವಿಶ್ರಾಂತಿ. ತಲೆ ಸುತ್ತಿದರೆ, ಬೆವರು ನಿಂತರೆ, ಅಂದಿನ ನಡಿಗೆ ಅಲ್ಲಿಗೇ ಮುಗಿಯಿತು.

ಎರಡು ಕೊಡೆಗಳು

ಎಲ್ಲಕ್ಕೂ ಒಪ್ಪಿದ ಹುಡುಗ ಒಂದು ವಿಷಯದಲ್ಲಿ ಮಾತ್ರ ಜಗಳಕ್ಕೆ ನಿಂತ. ಸಾವನದುರ್ಗವನ್ನು ಒಬ್ಬನೇ ಹತ್ತಬಾರದೆಂದು ನಾನು ಹೇಳಿದ್ದೆ. 1226 ಮೀಟರ್ ಎತ್ತರದ ಆ ದುರ್ಗ ಮಣ್ಣಿನ ಗುಡ್ಡವಲ್ಲ, ಬೋಳುಬಂಡೆ. 1791ರ ಮಾರ್ಚ್‌ನಲ್ಲಿ ನಮ್ಮ ಪೇಟೆಯನ್ನು ಹಿಡಿದ ಕಾರ್ನ್‌ವಾಲಿಸನ ಸೇನೆ ಆ ದುರ್ಗವನ್ನು ಹಿಡಿದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಅಲ್ಲಿಯವರೆಗೆ ಅದು ಅಭೇದ್ಯವೆಂದೇ ಹೆಸರಾಗಿತ್ತು. ಸುತ್ತಲ ಕಾಡಿನಲ್ಲಿ ಕರಡಿ, ಚಿರತೆಗಳಿವೆ. ಅಲ್ಲಿ ದಾರಿ ತಪ್ಪುವುದು ಹತ್ತುವಾಗಲ್ಲ, ಇಳಿಯುವಾಗ. ಮೇಲಿನಿಂದ ಎಲ್ಲ ಇಳಿಜಾರುಗಳೂ ಒಂದೇ ತರಹ ಕಾಣುತ್ತವೆ.

“ಹಾಗಾದರೆ ಒಬ್ಬನೇ ಹೋದಂತೆ ಹೇಗಾಯಿತು?” ಎಂದ ಹುಡುಗ. “ನಿಮ್ಮ ವಯಸ್ಸಿನವರಿಗೆ ಎಲ್ಲದಕ್ಕೂ ಹೆದರಿಕೆ.”

ಆಗ ನಾನು ಇದುವರೆಗೆ ಆ ಮನೆಯಲ್ಲಿ ಯಾರಿಗೂ ಪೂರ್ತಿ ಹೇಳದಿದ್ದ ಒಂದು ಸಂಗತಿಯನ್ನು ಹೇಳಿದೆ.

ನನಗೂ ಹದಿನೆಂಟು ವಯಸ್ಸು. ಮೇ ತಿಂಗಳು. ಮಲ್ಲೇಶ್ವರದ ಗೆಳೆಯನ ಮನೆಗೆ ಓದಲು ಹೋಗುತ್ತೇನೆಂದು ಸುಳ್ಳು ಹೇಳಿ ಶಿವಗಂಗೆಗೆ ಹೋದೆ. ಗಂಗಾಧರೇಶ್ವರನ ದರ್ಶನ ಮಾಡಿ, ಒಳಕಲ್ಲು ತೀರ್ಥದಲ್ಲಿ ಕೈಯಿಟ್ಟು ನೀರು ಮುಟ್ಟಿ, ನೆತ್ತಿಗೆ ಹೋಗುವಾಗ ಮಧ್ಯಾಹ್ನ ಮೂರು ಗಂಟೆ. ಪಡುವಣ ದಿಕ್ಕು ಕಪ್ಪಾಗಿದ್ದುದನ್ನು ಕಂಡರೂ ಲೆಕ್ಕಿಸಲಿಲ್ಲ. ಭರಣಿ ಮಳೆ ಬರುವಾಗ ಸಿಡಿಲನ್ನೂ ಕರೆತರುತ್ತದೆ. ಬಂಡೆಯ ಮೇಲೆ ನಾನೊಬ್ಬನೇ ನಿಂತಿದ್ದೆ. ಎದುರಿನ ಗುಡ್ಡಕ್ಕೆ ಬಡಿದ ಸಿಡಿಲಿನ ಬೆಳಕಿನಲ್ಲಿ ನನ್ನ ಕೈಯ ರೋಮಗಳು ನಿಗುರಿದ್ದನ್ನು ಕಂಡೆ. ಹೇಗೆ ಇಳಿದೆನೋ ತಿಳಿಯದು. ಒಂದು ಮಂಟಪದಲ್ಲಿ ಹೂ ಮಾರುವ ಮುದುಕಿ ತನ್ನ ಗೋಣಿತಾಟು ಹೊದಿಸಿ ಕೂರಿಸಿಕೊಂಡಳು. ಕಡೆಯ ಬಸ್ಸು ತಪ್ಪಿತು. ಮನೆಯಲ್ಲಿ ಫೋನಿರಲಿಲ್ಲ.

ಮರುದಿನ ಬೆಳಗ್ಗೆ ಬಸ್ಸಿನಿಂದ ಇಳಿದರೆ ಎದುರಿಗೆ ಅಪ್ಪ ನಿಂತಿದ್ದರು. ಮಲ್ಲೇಶ್ವರದ ಗೆಳೆಯನ ಮನೆಗೆ ಹೋಗಿ ವಿಷಯ ತಿಳಿದು, ಸಂಜೆ ಏಳರಿಂದ ಬರುವ ಒಂದೊಂದು ಬಸ್ಸಿನೊಳಗೂ ಇಣುಕಿ ನೋಡಿದ್ದರಂತೆ. ಎಲ್ಲಿಗೆ ಹೋದೆನೆಂದು ಗೊತ್ತಿಲ್ಲದ್ದರಿಂದ ಎಲ್ಲ ಊರಿನ ಬಸ್ಸುಗಳನ್ನೂ ನೋಡಬೇಕಾಗಿತ್ತು. ಅವರ ಕೈಯಲ್ಲಿ ಎರಡು ಕೊಡೆಗಳಿದ್ದವು. ಒಂದು ತೊಯ್ದು ನೀರಿಳಿಯುತ್ತಿತ್ತು. ಇನ್ನೊಂದು ಒಣಗಿದ್ದು, ಬಿಚ್ಚಿಯೇ ಇರಲಿಲ್ಲ. ಅದು ನನಗೆಂದು ತಂದದ್ದು. ಅವರು ಬಯ್ಯಲಿಲ್ಲ. ಒಣಕೊಡೆಯನ್ನು ನನ್ನ ಕೈಗೆ ಕೊಟ್ಟು ಮುಂದೆ ನಡೆದರು. ಬಳೇಪೇಟೆ ಮುಟ್ಟುವವರೆಗೆ ನಾವಿಬ್ಬರೂ ಮಾತಾಡಲಿಲ್ಲ. ಅಪ್ಪ ಹೋಗಿ ಎಷ್ಟೋ ವರ್ಷಗಳಾದವು. ಆ ರಾತ್ರಿಯ ವಿಷಯ ಕೊನೆಯವರೆಗೂ ಅವರಾಗಿ ಎತ್ತಲಿಲ್ಲ, ನಾನಾಗಿ ಕ್ಷಮೆ ಕೇಳಲೂ ಇಲ್ಲ.

ಹುಡುಗ ಬಹಳ ಹೊತ್ತು ಸುಮ್ಮನಿದ್ದ. “ನಾನು ನಿನಗೆ ಹೋಗಬೇಡವೆಂದು ಹೇಳುತ್ತಿಲ್ಲ” ಎಂದೆ. “ಒಬ್ಬನೇ ನಡೆಯುವುದು ಬೇರೆ, ಯಾರಿಗೂ ತಿಳಿಯದಂತೆ ನಡೆಯುವುದು ಬೇರೆ. ರಸ್ತೆಯೆಲ್ಲ ನಿನ್ನದು. ಬಂಡೆಯ ಮೇಲೆ ಮಾತ್ರ ಜೊತೆ ಇರಲಿ.”

ಅಂದು ರಾತ್ರಿ ಅವನೇ ಕುಳಿತು ಎರಡು ಹಾಳೆಗಳಲ್ಲಿ ದಿನಚರಿ ಬರೆದ: ಯಾವ ದಿನ ಯಾವ ಊರು, ಎಷ್ಟು ಹೊತ್ತಿಗೆ, ಯಾರ ಮನೆ, ಅವರ ಫೋನು. ಒಂದು ಹಾಳೆ ಚೀಲಕ್ಕೆ. ಇನ್ನೊಂದು ಅಡುಗೆಮನೆಯ ಕ್ಯಾಲೆಂಡರಿನ ಪಕ್ಕಕ್ಕೆ. ಕೆಳಗೆ ಕೆಂಪು ಶಾಯಿಯಲ್ಲಿ: “ಸಂಜೆ ಏಳರೊಳಗೆ ಫೋನು ಬಾರದಿದ್ದರೆ ಕೊನೆಯ ಊರಿನವರನ್ನು ವಿಚಾರಿಸುವುದು. ಅಲ್ಲಿಯೂ ಇಲ್ಲವಾದರೆ 112.” ಮಧ್ಯಾಹ್ನದ ಮೇಲೆ ಯಾವ ಬೆಟ್ಟವನ್ನೂ ಹತ್ತುವುದಿಲ್ಲ ಎಂಬ ಸಾಲನ್ನು ನಾನು ಹೇಳದೆಯೇ ಸೇರಿಸಿದ್ದ. ಸಾವನದುರ್ಗಕ್ಕೆ ಮಾಗಡಿಯ ಪರಿಚಿತರ ಇಬ್ಬರು ಹುಡುಗರು ಜೊತೆಯಾಗುವುದೆಂದೂ, ಅನುಮತಿಚೀಟಿಯನ್ನು ಮೊದಲೇ ಪಡೆಯುವುದೆಂದೂ ಗೊತ್ತಾಯಿತು. ಭಾವ ಹಾಳೆಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು, “ಸರಿ” ಎಂದರು.

ಮೇ ತಿಂಗಳ ಮೊದಲ ವಾರ ಒಂದು ಬೆಳಗ್ಗೆ ನಾಲ್ಕೂಮುಕ್ಕಾಲಿಗೆ ನಾವೆಲ್ಲ ಬೀದಿಗೆ ಬಂದೆವು. ಹಗಲೆಲ್ಲ ಕಾಲಿಡಲು ಜಾಗವಿಲ್ಲದ ಬಳೇಪೇಟೆ ಆಗ ತೊಳೆದಿಟ್ಟ ಅಂಗಳದಂತಿತ್ತು. ಹೋಟೆಲೊಂದರ ಒಳಗೆ ಒಲೆ ಹೊತ್ತಿದ್ದು, ಹಿಟ್ಟು ರುಬ್ಬುವ ಸದ್ದು ಬರುತ್ತಿತ್ತು. ಹುಡುಗ ತಾಯಿಯ ಕಾಲಿಗೆ ನಮಸ್ಕರಿಸಿದ. ಚೀಲ ಒಂಬತ್ತು ಕಿಲೋಗೆ ಇಳಿದಿತ್ತು. ಅಕ್ಕ ಹೇಗೋ ಕೋಡುಬಳೆಯ ಒಂದು ಪೊಟ್ಟಣವನ್ನು ಮತ್ತೆ ತುರುಕಿದ್ದಳೆಂಬುದು ನನಗೆ ಗೊತ್ತಿತ್ತು, ಹೇಳಲಿಲ್ಲ. ನಾನು ಒಳಗಿನಿಂದ ಕೊಡೆಯೊಂದನ್ನು ತಂದು ಕೊಟ್ಟೆ. “ಬಿಸಿಲಿಗೂ ಆಗುತ್ತದೆ. ಗುಡುಗು ಕೇಳಿಸಿದರೆ ಮಾತ್ರ ಬಯಲಿನಲ್ಲಿ ಹಿಡಿದು ನಿಲ್ಲಬೇಡ, ಸೂರು ಹುಡುಕು” ಎಂದೆ. ಅವನು ಅದನ್ನು ಚೀಲದ ಪಕ್ಕಕ್ಕೆ ಸಿಕ್ಕಿಸಿಕೊಂಡ.

ಕಾಟನ್‌ಪೇಟೆಯ ತಿರುವಿನವರೆಗೆ ನಾನೂ ಜೊತೆಗೆ ನಡೆದೆ. ಅಲ್ಲಿ ಅವನೇ ನಿಂತು, “ಇನ್ನು ನೀವು ಹೋಗಿ, ಮಾಮ” ಎಂದ. ನಿಂತು ನೋಡಿದೆ. ಬೀದಿದೀಪದಿಂದ ಬೀದಿದೀಪಕ್ಕೆ ಅವನ ನೆರಳು ಉದ್ದವಾಗುತ್ತ, ಗಿಡ್ಡವಾಗುತ್ತ ಮಾಗಡಿ ರಸ್ತೆಯ ಕಡೆಗೆ ಸಾಗಿತು.

ಹತ್ತೂಕಾಲಿಗೆ ಫೋನು ಬಂತು. ಅಕ್ಕ ಮೊದಲು ಮಾತಾಡಿದಳು, ಆಮೇಲೆ ಭಾವ. ಕೊನೆಗೆ ನನ್ನ ಕೈಗೆ ಬಂದಾಗ ಹುಡುಗ, “ತಾವರೆಕೆರೆಗೆ ಇನ್ನು ಸ್ವಲ್ಪವೇ ದೂರ. ಒಂದು ಹುಣಸೆಮರದ ಕೆಳಗಿದ್ದೇನೆ. ಬೊಬ್ಬೆ ಬಂದಿಲ್ಲ” ಎಂದ. ಅಕ್ಕ ಆಗಲೇ ಕ್ಯಾಲೆಂಡರಿನ ಪಕ್ಕದ ಹಾಳೆಯಲ್ಲಿ ಮೊದಲ ಸಾಲಿನ ಎದುರಿಗೆ ಅರಿಸಿನದ ಬೊಟ್ಟಿಟ್ಟಿದ್ದಳು.