ಮುಂಬೈಯಲ್ಲಿ ಮೂರು ಬೇಟೆ, ಪುಣೆಯಲ್ಲಿ ಒಂದು ವೇಷ

ಕೊಲೆ ಮಾಡೋ ಆಟದ ಬಗ್ಗೆ ಬ್ಯಾಂಕಿನವನು ಬರೆಯೋದಾ ಅಂತ ಹುಬ್ಬೇರಿಸಬೇಡಿ. 2018ರ ನವೆಂಬರಿನಲ್ಲಿ ಬಂದ 'ಹಿಟ್‌ಮ್ಯಾನ್ 2' ಅನ್ನೋ ವಿಡಿಯೋ ಗೇಮಿನಲ್ಲಿ ನಮ್ಮ ಪಕ್ಕದ ಮುಂಬೈಯೂ ಇದೆ. ಮಾಡಿದವರು ಡೆನ್ಮಾರ್ಕಿನ ಐಒ ಇಂಟರ್‌ಆ್ಯಕ್ಟಿವ್ ಕಂಪನಿಯವರು. ಮಗನ ಕಂಪ್ಯೂಟರಿನಲ್ಲಿ ನಾನೂ ಆಡುತ್ತೇನೆ. "ಈ ವಯಸ್ಸಿಗೆ ಇದೊಂದು ಬಾಕಿ ಇತ್ತು" ಅಂತ ನಮ್ಮನೆಯವಳ ಟೀಕೆ ಇದ್ದೇ ಇದೆ!

ಬೋಳುತಲೆಯ ಏಜೆಂಟ್ 47 ಇಲ್ಲಿ ಮುಗಿಸಬೇಕಾದವರು ಮೂವರು. ಸಿನಿಮಾ ನಿರ್ಮಾಪಕ ದಾವೂದ್ ರಂಗನ್ ಇರೋದು ಇನ್ನೂ ಕಟ್ಟುತ್ತಿರುವ ತನ್ನ ಟವರಿನಲ್ಲಿ, ವಾನ್ಯಾ ಶಾ ಹಳೇ ರೈಲ್ವೆ ಯಾರ್ಡಿನಲ್ಲಿ. ಮೂರನೆಯವನು ವಜೀರ್ ಕಾಳೆ. ಅವನ ಮುಖವೇ 47ಗೆ ಗೊತ್ತಿಲ್ಲ, ಗಲ್ಲಿ ಗಲ್ಲಿ ಸುತ್ತಿ ಸುಳಿವು ಹುಡುಕಬೇಕು. ಎಲ್ಲಿಗೆ ಹೋಗಬೇಕಾದರೂ ಒಂದಲ್ಲ, ನಾಲ್ಕಾರು ದಾರಿ. ಜಾಣತನ ಇರೋದೇ ಅಲ್ಲಿ.

ಆಡುವವರಿಗೆ ನನ್ನ ಕೆಲವು ಕಿವಿಮಾತು. ಮೊದಲ ಸಲ ಯಾರನ್ನೂ ಮುಟ್ಟಬೇಡಿ, ಬರೀ ನೋಡಿ. ನಮ್ಮ ಬ್ರಾಂಚ್ ಇನ್‌ಸ್ಪೆಕ್ಷನ್ ಇದ್ದ ಹಾಗೆ. ಗುರಿಯವರು ಗಾಣದೆತ್ತಿನಂತೆ ಅದೇ ದಾರಿ ಸುತ್ತುತ್ತಾರೆ, ಒಂಟಿಯಾಗುವ ಜಾಗ ಗುರುತಿಟ್ಟುಕೊಳ್ಳಿ. ಓಡಬೇಡಿ. ಆಗಾಗ ಸೇವ್ ಮಾಡಿ. 'ಮಾಸ್ಟರ್' ಮಟ್ಟದಲ್ಲಿ ಮಾತ್ರ ಒಂದೇ ಸಲ ಅವಕಾಶ. ಕ್ಷೌರಿಕನ ವೇಷ ಹಾಕಿದರೆ ಕಾಳೆ ತಾನಾಗೇ ಕುತ್ತಿಗೆ ಒಡ್ಡುತ್ತಾನೆ. ಇನ್ನೂ ಸೋಮಾರಿ ದಾರಿ ಬೇಕೇ? 'ಕಾಶ್ಮೀರಿಯನ್' ಅನ್ನೋ ಇನ್ನೊಬ್ಬ ಹಂತಕ ಅದೇ ಊರಲ್ಲಿದ್ದಾನೆ. ಗುರಿಯನ್ನು ಅವನ ಬಂದೂಕಿಗೆ ಕಾಣುವಂತೆ ತಂದು ನಿಲ್ಲಿಸಿ, ಉಳಿದದ್ದು ಅವನ ಕೆಲಸ!

ಎಲ್ಲಕ್ಕಿಂತ ಮುಖ್ಯ ವೇಷ. ಬಟ್ಟೆ ಬದಲಿಸಿದರೆ ಕಾವಲಿನವರೂ ಒಳಗೆ ಬಿಡುತ್ತಾರೆ. ಆದರೆ ತಲೆ ಮೇಲೆ ಬಿಳಿ ಚುಕ್ಕೆ ಇರುವವರ ಹತ್ತಿರ ಸುಳಿಯಬಾರದು. ಆ ಬಟ್ಟೆಯ ಜನ ಅವರಿಗೆ ಪರಿಚಿತರು, ಹೊರಗಿನವನು ಯಾರೆಂದು ಗೊತ್ತಾಗಿಬಿಡುತ್ತದೆ.

ಇದನ್ನು ಮಗ ವಿವರಿಸಿದಾಗ ನನಗೆ ನಗು ಬಂತು. ಪುಣೆಗೆ ಬಂದು 28 ವರ್ಷ. ಕೌಂಟರಿನಲ್ಲಿ ನನ್ನ ಮರಾಠಿ ಕೇಳಿದವರು ನನ್ನನ್ನು ಇಲ್ಲಿಯವನೇ ಅಂದುಕೊಳ್ಳುತ್ತಾರೆ. ಆದರೆ ಒಮ್ಮೆ ಅಕ್ಕಲಕೋಟೆ ಕಡೆಯ ಅಜ್ಜಿಯೊಬ್ಬರು ಪಾಸ್‌ಬುಕ್ ಚಾಚಿದವರು, ನನ್ನ ಎರಡು ಮಾತು ಕೇಳಿ, "ಸಾಹೇಬ್ರ, ನೀವು ನಮ್ಮ ಕಡಿಯವ್ರೇನ್ರಿ?" ಅಂದರು. ಬಿಳಿ ಚುಕ್ಕೆ! ಆಟದಲ್ಲಿ ಸಿಕ್ಕಿಬಿದ್ದರೆ ಕಥೆ ಮುಗೀತು. ಅವತ್ತು ಸಿಕ್ಕಿಬಿದ್ದ ಖುಷಿಗೆ ನಾನು ಅಜ್ಜಿಗೆ ಚಹಾ ತರಿಸಿದೆ.

ಮಗನಿಗೆ ಈ ಫಜೀತಿ ಇಲ್ಲ. ಇಲ್ಲೇ ಹುಟ್ಟಿದವನು, ಮರಾಠಿ ಅವನಿಗೆ ವೇಷ ಅಲ್ಲ. ಕನ್ನಡ ಓದಲು ಬರೋದಿಲ್ಲ, ಮನೆಯಲ್ಲಿ ಮಾತೂ "ಹೂಂ, ಊಟ ಆಯ್ತು" ಅಷ್ಟಕ್ಕೇ. ಅಂಥವನು ಕಾಳೆಯನ್ನು ಹಿಡಿಯೋದು ಹೇಗೆ ಅಂತ ಒಂದೂವರೆ ಗಂಟೆ ನನಗೆ ಕನ್ನಡದಲ್ಲಿ ಹೇಳಿಕೊಟ್ಟ! ಪದ ಸಿಗದಿದ್ದಲ್ಲಿ ಮರಾಠಿ ತುಂಬಿದ, ನಾನು ತಿದ್ದಲು ಹೋಗಲಿಲ್ಲ.

ಈಗ ಕಾಳೆ ಎಲ್ಲಿರುತ್ತಾನೆ ಅಂತ ನನಗೆ ಚೆನ್ನಾಗೇ ಗೊತ್ತು. ಆದರೂ ಪ್ರತಿ ಭಾನುವಾರ ಕೇಳುತ್ತೇನೆ. ನಿಮ್ಮ ಮನೆಯ ಹುಡುಗರು ಏನು ಆಡುತ್ತಾರೆ? ಬೈಯೋ ಮೊದಲು ಒಮ್ಮೆ ಪಕ್ಕದಲ್ಲಿ ಕೂತು ಕೇಳಿ ನೋಡಿ.