ಹೊರಗಿನ ಬೆಂಚು

ಮನೆಯ ಯಜಮಾನನ ಗುಣವನ್ನು ಜಗುಲಿಯಲ್ಲಿಯೇ ತಿಳಿಯಬಹುದೆಂದು ನಮ್ಮ ತಾತಂದಿರು ಹೇಳುತ್ತಿದ್ದರು. ಅಂಗಡಿ, ವೈದ್ಯಶಾಲೆ, ವಕೀಲರ ಕಚೇರಿಗಳಿಗೂ ಈ ಮಾತು ಸಲ್ಲುವುದೆಂದು ನಮಗೆ ಮನವರಿಕೆಯಾದುದು ನಮ್ಮ ಗೃಹಿಣಿಯ ಕಣ್ಣಿಗೆ ಪೊರೆ ಬಂದಾಗ.

ಮೊದಲು ನಾವು ಹೋದುದು ಪೇಟೆಯ ಒಂದು ದೊಡ್ಡ ಕಣ್ಣಿನ ಆಸ್ಪತ್ರೆಗೆ. ಕನ್ನಡಿಯಂತೆ ಹೊಳೆಯುವ ನೆಲ, ಸಾಲುಸಾಲಾಗಿ ಉಕ್ಕಿನ ಕುರ್ಚಿಗಳು, ಎದುರಿಗೆ ಅಬ್ಬರಿಸುತ್ತಿರುವ ದೊಡ್ಡ ಟೆಲಿವಿಷನ್. ಪರೀಕ್ಷೆಗೆ ಮುಂಚೆ ಕಣ್ಣಿನ ಪಾಪೆಯನ್ನು ಹಿಗ್ಗಿಸುವ ಹನಿಗಳನ್ನು ಹಾಕುವರಷ್ಟೆ. ಅವು ಹಿಡಿಯಲು ಸುಮಾರು ಅರ್ಧ ಗಂಟೆ ಬೇಕು. ಹಿಡಿದ ಮೇಲೆ ಕೆಲವು ಗಂಟೆಗಳ ಕಾಲ ಬೆಳಕು ಚುಚ್ಚುವುದು, ಹತ್ತಿರದ ಅಕ್ಷರ ಮಸುಕಾಗುವುದು. ಅಂಥ ಕಣ್ಣಿನವರನ್ನು ಥಳಥಳಿಸುವ ದೀಪಗಳ ಕೆಳಗೆ ಕುಳ್ಳಿರಿಸಿ, ಸಣ್ಣ ಅಕ್ಷರದ ಚೀಟಿಯೊಂದನ್ನು ಕೈಗೆ ಕೊಟ್ಟಿದ್ದರು. "ಇನ್ನೆಷ್ಟು ಹೊತ್ತಾಗುವುದಮ್ಮಾ?" ಎಂದು ಗಾಜಿನ ಹಿಂದಿದ್ದ ಹುಡುಗಿಯನ್ನು ಕೇಳಿದೆವು. "ಕೂತ್ಕೊಳ್ಳಿ ಸಾರ್, ಕರೀತೀವಿ" ಎಂದಳು, ತಲೆಯೆತ್ತದೆ. ಎರಡು ಗಂಟೆ ಕಳೆಯಿತು. ನಮ್ಮವಳು ಸೆರಗಿನಿಂದ ಕಣ್ಣು ಮುಚ್ಚಿಕೊಂಡು, "ಬೇಡ, ಮನೆಗೆ ಹೋಗೋಣ ನಡೆಯಿರಿ" ಎಂದಳು. ವೈದ್ಯರ ಮುಖವನ್ನೇ ಕಾಣದೆ ಹಿಂದಿರುಗಿದೆವು.

ವಾರದ ಮೇಲೆ ನೆರೆಯವರ ಮಾತಿನಂತೆ ಅಡ್ಡರಸ್ತೆಯ ಸಣ್ಣ ಚಿಕಿತ್ಸಾಲಯವೊಂದಕ್ಕೆ ಹೋದೆವು. ಅಲ್ಲಿ ಎರಡು ಮರದ ಬೆಂಚು, ಒಂದು ನೀರಿನ ಹೂಜಿ, ಕಿಟಕಿಗೆ ಹಸುರು ಪರದೆ. ಹನಿ ಹಾಕಿದ ದಾದಿಯು, "ಅಮ್ಮಾ, ಅರ್ಧ ಗಂಟೆ ಕಣ್ಣು ಮುಚ್ಚಿಕೊಂಡು ಕೂತಿರಿ. ನಿಮಗಿಂತ ಮುಂದೆ ಐದು ಜನ ಇದ್ದಾರೆ. ಆಮೇಲೆ ನಾನೇ ಬಂದು ಕೈಹಿಡಿದು ಕರೆದುಕೊಂಡು ಹೋಗುತ್ತೇನೆ" ಎಂದಳು. ಅಲ್ಲಿಯೂ ಒಂದೂವರೆ ಗಂಟೆ ಹಿಡಿಯಿತು. ಆದರೆ ನಾವು ಗಡಿಯಾರ ನೋಡಲಿಲ್ಲ. ಶಸ್ತ್ರಚಿಕಿತ್ಸೆ ಅಲ್ಲಿಯೇ ಆಗಲೆಂದು ನಮ್ಮವಳು ವೈದ್ಯರನ್ನು ನೋಡುವ ಮೊದಲೇ ನಿಶ್ಚಯಿಸಿಬಿಟ್ಟಿದ್ದಳು. ಆಯಿತು, ಕಣ್ಣೂ ಬಂದಿತು.

ಇದು ಯುಕ್ತವಾದ ನಿರ್ಣಯವೆ? ಬೆಂಚನ್ನು ಕಂಡು ವೈದ್ಯನ ಕೈಗುಣವನ್ನು ಅಳೆಯಲಾಗದು, ನಿಜ. ದೊಡ್ಡ ಆಸ್ಪತ್ರೆಯವರೇ ಹೆಚ್ಚು ನಿಪುಣರಿದ್ದಿರಬಹುದು. ಆದರೆ ಅದನ್ನು ಪರೀಕ್ಷಿಸುವ ವಿದ್ಯೆ ಸಾಮಾನ್ಯನಿಗೆಲ್ಲಿದೆ? ಕಂಡುದರಿಂದ ಕಾಣದುದನ್ನು ಊಹಿಸುವುದೊಂದೇ ಅವನಿಗೆ ದಾರಿ. ಹೊಗೆಯಿಂದ ಬೆಂಕಿಯನ್ನು ಊಹಿಸುವ ತಾರ್ಕಿಕರು ಇದನ್ನು ಪೂರ್ತಿಯಾಗಿ ತಪ್ಪೆನ್ನಲಾರರು. ಡೇವಿಡ್ ಮೈಸ್ಟರ್ ಎಂಬವರು 1985ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಎಷ್ಟು ಹೊತ್ತೆಂದು ತಿಳಿಯದೆ ಕಾಯುವುದು ತಿಳಿದು ಕಾಯುವುದಕ್ಕಿಂತ ದೀರ್ಘವಾಗಿ ತೋರುವುದೆಂದೂ, ಕಾರಣ ಹೇಳದೆ ಕಾಯಿಸಿದರೂ ಹಾಗೆಯೇ ಎಂದೂ ವಿವರಿಸಿರುವರು. ನಮ್ಮ ಷೋಡಶೋಪಚಾರದಲ್ಲಿಯೂ ಆವಾಹನವಾದೊಡನೆ ಆಸನ. ಪಾದ್ಯ, ಅರ್ಘ್ಯ, ಆಚಮನಗಳು ಆಮೇಲೆ. ದೇವರಾದರೂ ಸರಿಯೆ, ಕರೆದವರನ್ನು ಮೊದಲು ಕುಳ್ಳಿರಿಸಬೇಕು.

ಇಷ್ಟನ್ನು ಬರೆಯುವ ನಮಗೆ ಹಳೆಯ ನೆನಪೊಂದು ಮುಳ್ಳಿನಂತೆ ಚುಚ್ಚುತ್ತಿದೆ. ನಾವು ಮುಖ್ಯೋಪಾಧ್ಯಾಯರಾಗಿದ್ದಾಗ ನಮ್ಮ ಕೋಣೆಯ ಹೊರಗೆ ಬೆಂಚು ಇರಲಿಲ್ಲ. ಒಂದು ಜೂನ್ ತಿಂಗಳ ಬೆಳಿಗ್ಗೆ ರೈತನೊಬ್ಬನು ಮಗಳನ್ನು ಸೇರಿಸಲು ಬಂದು, ನಾವು ರಿಜಿಸ್ಟರು ಬರೆಯುತ್ತಿದ್ದುದನ್ನು ಕಂಡು ಬಾಗಿಲಲ್ಲಿಯೇ ನಿಂತನು. ಅವನು ನಿಂತಿರುವುದು ನಮಗೆ ಕಾಣುತ್ತಲೇ ಇತ್ತು. ಪುಟ ಮುಗಿಯಲೆಂದುಕೊಂಡೆವು. ತಲೆಯೆತ್ತುವ ವೇಳೆಗೆ ಇಬ್ಬರೂ ಹೊರಟುಹೋಗಿದ್ದರು. ಆ ಹುಡುಗಿ ಆ ವರ್ಷ ಯಾವ ಶಾಲೆಗೂ ಸೇರಲಿಲ್ಲವೆಂದು ಬಳಿಕ ತಿಳಿಯಿತು. ಮರುವರ್ಷ ನಾವೇ ಅವರ ಮನೆಗೆ ಹೋಗಿ ಕರೆತಂದೆವು. ಬಡಗಿಯಿಂದ ಬೆಂಚೊಂದನ್ನೂ ಮಾಡಿಸಿದೆವು. ಆದರೆ ಅವಳ ಒಂದು ವರ್ಷವನ್ನು ಹಿಂದಿರುಗಿಸುವುದು ನಮ್ಮಿಂದಾಗಲಿಲ್ಲ.

ಆದುದರಿಂದ ಗಾಜಿನ ಹಿಂದಿನ ಆ ಹುಡುಗಿಯನ್ನು ನಿಂದಿಸಲು ನಮಗೆ ಬಾಯಿ ಬಾರದು. ವಾಚಕರಲ್ಲಿ ಅಂಗಡಿಯನ್ನೋ ಕಚೇರಿಯನ್ನೋ ನಡೆಸುವವರಿದ್ದರೆ ಅವರಲ್ಲಿ ನಮ್ಮದೊಂದು ವಿಜ್ಞಾಪನೆ: ಒಂದು ದಿನ ತಮ್ಮ ಗಿರಾಕಿಗಳು ಕಾಯುವ ಜಾಗದಲ್ಲಿ ತಾವೇ ಅರ್ಧ ಗಂಟೆ ಕುಳಿತು ನೋಡಲಿ, ಕುಳಿತುಕೊಳ್ಳಲು ಜಾಗವಿಲ್ಲದಿದ್ದರೆ ನಿಂತು ನೋಡಲಿ.