ಓದುವ ಮಕ್ಕಳ ಊಟ

ಮಗನನ್ನಾಗಲಿ ಮಗಳನ್ನಾಗಲಿ ಪರಸ್ಥಳದ ಕಾಲೇಜಿಗೆ ಕಳಿಸುವ ಮನೆಗಳಲ್ಲಿ ಯಾವ ವಿಷಯ ತೆಗೆದುಕೊಳ್ಳಬೇಕು, ಮುಂದೆ ಯಾವ ನೌಕರಿ ದೊರೆತೀತು ಎಂಬ ವಿಚಾರಗಳು ತಿಂಗಳುಗಟ್ಟಲೆ ನಡೆಯುತ್ತವೆ. ಆ ಮಗು ಅಲ್ಲಿ ಏನು ಉಣ್ಣಬೇಕು, ಯಾರ ಕೈಯಲ್ಲಿ ಉಣ್ಣಬೇಕು ಎಂಬ ಪ್ರಶ್ನೆ ಮಾತ್ರ ಪ್ರವೇಶದ ದಿನ, ಕಚೇರಿಯ ಕಿಟಕಿಯ ಮುಂದೆ, ಅರ್ಜಿಯ ಕಡೆಯ ಪುಟದಲ್ಲಿ ಎದುರಾಗುತ್ತದೆ. ಹಿಂದೆ ನಿಂತವರು ಅವಸರಪಡಿಸುತ್ತಾರೆ; ತಂದೆ ಯಾವದೋ ಒಂದಕ್ಕೆ ಗುರುತು ಹಾಕಿ ಹಣ ಕಟ್ಟಿಬಿಡುತ್ತಾನೆ. ವರ್ಷದ ಐದಾರುನೂರು ಊಟಗಳ ಸಂಗತಿಯು ಇಷ್ಟು ಹಗುರಾಗಿ ತೀರಿಹೋಗುವದು ವಿಚಿತ್ರವೇ ಸರಿ.

ಹಿಂದಿನವರಿಗೆ ಈ ಆಯ್ಕೆಯೇ ಇದ್ದಿಲ್ಲ. ಬಡ ವಿದ್ಯಾರ್ಥಿಗೆ ವಾರಾನ್ನವೇ ಗತಿ: ಸೋಮವಾರ ವಕೀಲರ ಮನೆ, ಮಂಗಳವಾರ ಮಾಸ್ತರರ ಮನೆ, ಹೀಗೆ ಏಳು ಮನೆಗಳು ಸಿಕ್ಕರೆ ಅವನು ಭಾಗ್ಯವಂತ, ಆರೇ ಸಿಕ್ಕರೆ ಏಳನೆಯ ದಿನ ನೀರು ಕುಡಿದು ಮಲಗುವದು. ಉಣ್ಣಿಸಿದವರ ಔದಾರ್ಯವನ್ನು ಅಲ್ಲಗಳೆಯಲಾಗದು. ಆದರೆ ಆ ಬಾಗಿಲುಗಳು ಜಾತಿಯನ್ನು ನೋಡಿ ತೆರೆಯುತ್ತಿದ್ದವು. ಹೆಣ್ಣುಮಕ್ಕಳಿಗಂತೂ ಆ ದಾರಿಯೇ ಇದ್ದಿಲ್ಲವೆನ್ನಬೇಕು. ಕೊಲ್ಹಾಪುರದ ಶಾಹೂ ಮಹಾರಾಜರು 1901ರಿಂದ ಮೊದಲುಮಾಡಿ ಬೇರೆ ಬೇರೆ ಸಮಾಜಗಳ ವಿದ್ಯಾರ್ಥಿಗಳಿಗೆ ವಸತಿಗೃಹಗಳನ್ನು ತೆರೆಯಿಸಿದರು. ಧಾರವಾಡದ ಮುರುಘಾಮಠದ ಪ್ರಸಾದನಿಲಯ, ತುಮಕೂರಿನ ಸಿದ್ಧಗಂಗಾಮಠದ ದಾಸೋಹ ಇವು ಎಷ್ಟೋ ಬಡ ಹುಡುಗರನ್ನು ಉಣ್ಣಿಸಿ ಓದಿಸಿದವು. 2013-14ರಲ್ಲಿ ರಾಜ್ಯ ಸರಕಾರವು ‘ವಿದ್ಯಾಸಿರಿ’ ಎಂಬ ಯೋಜನೆಯನ್ನು ಹೂಡಿ, ಸರಕಾರಿ ನಿಲಯಗಳಲ್ಲಿ ಸ್ಥಳ ಸಿಗದ ವಿದ್ಯಾರ್ಥಿಗಳಿಗೆ ಊಟ ವಸತಿಗಳ ಸಲುವಾಗಿ ತಿಂಗಳಿಗೆ 1,500 ರೂಪಾಯಿಗಳಂತೆ ಹತ್ತು ತಿಂಗಳ ನೆರವನ್ನು ಗೊತ್ತುಪಡಿಸಿತು. ದಿನಕ್ಕೆ 50 ರೂಪಾಯಿ ಆಯಿತು. ಕೋಣೆಯ ಬಾಡಿಗೆಯೂ ಅದರಲ್ಲಿಯೇ ಹೊರಡಬೇಕು. ಸಾಲದೆಂಬುದು ನಿಜ. ಆದರೂ ಪರರ ಹೊಸ್ತಿಲಲ್ಲಿ ನಿಂತು ‘ಇಂದು ನನ್ನ ವಾರ’ ಎಂದು ಹೇಳಿಕೊಳ್ಳುವ ಸಂಕೋಚವು ಅದರಲ್ಲಿಲ್ಲ.

ಧಾರವಾಡದಂಥ ವಿದ್ಯೆಯ ಊರಿಗೆ ಹೊಸದಾಗಿ ಬಂದ ಮಗುವಿಗೆ ಮುಖ್ಯವಾಗಿ ಮೂರು ಹಾದಿಗಳು. ಮೊದಲನೆಯದು ವಿದ್ಯಾರ್ಥಿನಿಲಯದ ಮೆಸ್ಸು. ಇದರಲ್ಲಿಯೂ ಎರಡು ಬಗೆ. ಕೆಲವು ಕಡೆ ಗೊತ್ತುಪಡಿಸಿದ ಹಣವನ್ನು ಮುಂಗಡ ಕಟ್ಟಬೇಕು. ಉಂಡರೂ ಅಷ್ಟೆ, ಬಿಟ್ಟರೂ ಅಷ್ಟೆ. ಕೆಲವು ಕಡೆ ‘ಡಿವೈಡಿಂಗ್’ ಪದ್ಧತಿ: ತಿಂಗಳ ಒಟ್ಟು ಖರ್ಚನ್ನು ಎಲ್ಲರೂ ಉಂಡ ದಿನಗಳ ಮೊತ್ತದಿಂದ ಭಾಗಿಸಿ, ಅವರವರ ದಿನಗಳಿಗೆ ತಕ್ಕಂತೆ ವಸೂಲು ಮಾಡುವದು. ಕೇಳುವದಕ್ಕೆ ಇದು ಬಲು ನ್ಯಾಯವಾಗಿದೆ. ಆದರೆ ಅಡಿಗೆಯವರ ಸಂಬಳ, ಪಾತ್ರೆ ತೊಳೆಯುವವರ ಕೂಲಿ ಇವು ಉಣ್ಣುವವರು ಕಡಿಮೆಯಾದರೆಂದು ಇಳಿಯುವವಲ್ಲ. ಅಂಥ ಖರ್ಚು ತಿಂಗಳಿಗೆ 60,000 ರೂಪಾಯಿ ಇದೆಯೆಂದು ಹಿಡಿಯೋಣ. ನೂರು ಜನರು ಮೂವತ್ತು ದಿನವೂ ಉಂಡರೆ ದಿನವೊಂದಕ್ಕೆ ತಲೆಗೆ 20 ರೂಪಾಯಿ ಬೀಳುತ್ತದೆ; ಹಬ್ಬದ ತಿಂಗಳಲ್ಲಿ ಹಲವರು ಊರಿಗೆ ಹೋಗಿ ಮೂರು ಸಾವಿರ ದಿನಗಳು ಎರಡು ಸಾವಿರಕ್ಕೆ ಇಳಿದರೆ ಅದೇ 30 ಆಗುತ್ತದೆ. ಊರಿಗೆ ಹೋಗುವದಕ್ಕೆ ಬಸ್ಸಿನ ಹಣವಿಲ್ಲದೆ ಉಳಿದವನೇ ಹೆಚ್ಚು ಕೊಡುವವನು! ಅಲ್ಲದೆ ಒಂದೆರಡು ಹೊತ್ತು ಬಿಟ್ಟುದಕ್ಕೆ ಬಹಳ ಕಡೆ ಲೆಕ್ಕದಲ್ಲಿ ಸೋಡಿ ಇಲ್ಲ. ಮುಂಚಿತವಾಗಿ ತಿಳಿಸಿ ಇಷ್ಟು ದಿನ ಒಟ್ಟಿಗೆ ಹೊರಗಿರಬೇಕೆಂಬ ಕಟ್ಟಳೆ ಇರುತ್ತದೆ. ಹಣ ಕಟ್ಟುವ ಮುಂಚೆ ತಂದೆಯು ಇದೊಂದನ್ನಾದರೂ ಕೇಳಿ ತಿಳಿಯುವದು ಒಳ್ಳೆಯದು.

ಎರಡನೆಯದು ಖಾನಾವಳಿ. ಇದರ ವಿಷಯ ಹೆಚ್ಚು ಹೇಳಬೇಕಾದುದಿಲ್ಲ. ಬಿಸಿ ರೊಟ್ಟಿ ದೊರೆಯುತ್ತದೆ, ತಿಂಗಳ ಲೆಕ್ಕವಿಡಲು ಒಪ್ಪುವ ಮಾಲಕರೂ ಇದ್ದಾರೆ. ಮಳೆಯ ರಾತ್ರಿ ಅಲ್ಲಿಯವರೆಗೆ ಹೋಗುವದು ಬೇಸರವೆಂದು ಹುಡುಗರು ಚುರುಮುರಿ ತಿಂದು ಮಲಗುವದೂ ಉಂಟು.

ಮೂರನೆಯದು ಈ ಸೀಮೆಯದೇ ಆದ ಬುತ್ತಿ. ಸುತ್ತಲಿನ ಹಳ್ಳಿಗಳಿಂದ ಬೆಳಗಿನ ಸರಕಾರಿ ಬಸ್ಸುಗಳು ಪ್ರಯಾಣಿಕರೊಡನೆ ಸಾಲುಸಾಲಾಗಿ ಡಬ್ಬಿಗಳನ್ನೂ ಹೊತ್ತು ಬರುತ್ತವೆ. ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾಚಟ್ನಿ, ಒಂದಿಷ್ಟು ಅನ್ನ, ಮೊಸರು. ಬಟ್ಟೆಯಲ್ಲಿ ಕಟ್ಟಿದ ಡಬ್ಬಿಯ ಮೇಲೆ ಗುರುತು. ಮಕ್ಕಳು ನಿಲ್ದಾಣಕ್ಕೆ ಬಂದು ತಮ್ಮ ತಮ್ಮದನ್ನು ಒಯ್ಯುವರು; ಬರಿಯ ಡಬ್ಬಿ ಸಂಜೆಯ ಬಸ್ಸಿಗೆ ತಿರುಗಿ ಊರು ಸೇರುವದು. ಇಷ್ಟು ಅಗ್ಗವಾದ, ಇಷ್ಟು ಶುಚಿಯಾದ ಊಟ ಬೇರೊಂದಿಲ್ಲವೆಂದು ಎಲ್ಲರೂ ಹೊಗಳುತ್ತಾರೆ. ಅಗ್ಗವೆನ್ನುವವರು ನಸುಕಿನ ನಾಲ್ಕು ಗಂಟೆಗೆ ಏಳುವವಳ ಕೂಲಿಯನ್ನು ಲೆಕ್ಕಕ್ಕೆ ಹಿಡಿಯುವದಿಲ್ಲ.

ಧಾರವಾಡಕ್ಕೆ 40 ಕಿಲೋಮೀಟರು ದೂರದ ಒಂದು ಹಳ್ಳಿಯ ಒಕ್ಕಲುತನದ ಮನೆಯಲ್ಲಿ ಈ ಲೆಕ್ಕವು ಒಂದು ವಾರ ನಡೆಯಿತು. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳು ಹಿರಿಯ ಮಗಳೇ ಮೊದಲಿನವಳು. ನಿಲಯದಲ್ಲಿ ಕೋಣೆ ಸಿಕ್ಕಿತ್ತು. ಊಟದ ಮಾತು ಉಳಿದಿತ್ತು. ತಂದೆಯ ಒಲವು ಬುತ್ತಿಯ ಕಡೆಗೆ, ಏಕೆಂದರೆ ಹೆಸರಿನ ಬೆಳೆ ಇನ್ನೂ ಹೊಲದಲ್ಲಿತ್ತು, ಮೆಸ್ಸಿನ ಮುಂಗಡಕ್ಕೆ ಸಾಲವನ್ನೇ ತರಬೇಕು. ಮಗಳು ಮೆಸ್ಸನ್ನೇ ಹಿಡಿದಳು. ದಿನಾಲು ನಿಲ್ದಾಣಕ್ಕೆ ಹೋಗಿಬಂದರೆ ಒಂದು ತಾಸು ಪಾಠ ತಪ್ಪುವದೆಂದು ಅವಳು ಹೇಳಿದ್ದು ನಿಜವೇ. ಆದರೆ ತಾಯಿಯ ಸೊಂಟದ ನೋವು ಅವಳ ಮನಸ್ಸಿನಲ್ಲಿದ್ದ ಕಾರಣ. ಅದನ್ನು ಬಾಯಿಬಿಟ್ಟು ಹೇಳಿದ್ದರೆ ತಾಯಿ ಅಂದೇ ಹೊಸ ಡಬ್ಬಿ ತರಿಸುತ್ತಿದ್ದಳು.

ತಾಯಿಗೆ ಹಣದ ಚಿಂತೆಯೂ ಇಲ್ಲ, ನೋವಿನ ಚಿಂತೆಯೂ ಇಲ್ಲ. ಅವಳು ಕೇಳಿದುದು ಒಂದೇ ಮಾತು: “ಮೆಸ್ಸಿನ್ಯಾಗ ನೀ ಉಂಡಿಯೋ ಬಿಟ್ಟಿಯೋ ನನಗ ಹೆಂಗ ತಿಳೀಬೇಕು?”

“ಫೋನ್ ಮಾಡಿ ಹೇಳ್ತೀನಲ್ಲ ಯವ್ವಾ.”

“ಫೋನಿನ್ಯಾಗ ಎಲ್ಲಾರೂ ಉಂಡೀನಂತಾನ ಅಂತಾರ.”

ಬುತ್ತಿಯ ಮನೆಗಳಲ್ಲಿ ಬೆಳೆದವರಿಗೆ ಈ ಮಾತಿನ ತೂಕ ತಿಳಿಯದಿರದು. ಸಂಜೆ ತಿರುಗಿ ಬಂದ ಡಬ್ಬಿಯನ್ನು ಹಳ್ಳಿಯ ತಾಯಿ ಓಲೆಯಂತೆ ಓದುತ್ತಾಳೆ. ಪಲ್ಯ ಮುಟ್ಟಿಲ್ಲವಾದರೆ ಜ್ವರವಿರಬೇಕು. ಅರ್ಧ ರೊಟ್ಟಿ ಉಳಿದರೆ ಪರೀಕ್ಷೆಯ ಅಂಜಿಕೆ. ಡಬ್ಬಿ ತೊಳೆದು ಬಂದಿದ್ದರೆ ಹುಡುಗಿ ಏನನ್ನೋ ಮರೆಮಾಡುತ್ತಾಳೆ. ಮೊದಲ ವರ್ಷದ ಮಗು ಹೊಟ್ಟೆ ತುಂಬ ಉಂಡಿತೋ ಇಲ್ಲವೋ ಎಂದು ನೋಡುವ ಕಣ್ಣು ಮೆಸ್ಸಿನ ಯಾವ ಪದ್ಧತಿಯಲ್ಲಿಯೂ ಇಲ್ಲ. ಅದಕ್ಕೆ ಕಲಮು ಹಾಕುವದೂ ಸಾಧ್ಯವಿಲ್ಲ. ಹೊಸ ಹುಡುಗಿಯರು ಎಂಟರ ಪಾಠಕ್ಕೆ ತಡವಾಯಿತೆಂದು ನಾಷ್ಟಾ ಬಿಡುತ್ತಾರೆ, ಪಂಕ್ತಿಯಲ್ಲಿ ಗುರುತಿನವರಿಲ್ಲವೆಂದು ರಾತ್ರಿಯ ಊಟ ಬಿಡುತ್ತಾರೆ. ಹಣ ಮಾತ್ರ ತಪ್ಪದೆ ಸಂದಾಯವಾಗುತ್ತದೆ.

ಕಡೆಗೆ ಊಟದ ಲೆಕ್ಕವು ಮೆಸ್ಸಿನದೆಂದೂ, ಸೋಮವಾರ ಮತ್ತು ಗುರುವಾರ ಮಾತ್ರ ಬುತ್ತಿ ಬರತಕ್ಕದ್ದೆಂದೂ ಗೊತ್ತಾಯಿತು. ಮೆಸ್ಸಿನವರು ಆ ಎರಡು ಹೊತ್ತಿನ ಹಣವನ್ನು ಬಿಡುವದಿಲ್ಲವಾದ್ದರಿಂದ ತಂದೆಗೆ ಇದು ಎರಡು ಬಗೆಯ ನಷ್ಟವಾಗಿ ತೋರಿತು. ಆದರೂ ಅವನು ಸಹಕಾರಿ ಸಂಘದಿಂದ ಹಣ ತಂದು ಕಟ್ಟಿದನು.

ಮೊದಲ ಸೋಮವಾರ ತಾಯಿ ಕಟ್ಟಿದ್ದು ಒಂಬತ್ತು ರೊಟ್ಟಿ. ಸಂಜೆಯ ಬಸ್ಸಿಗೆ ಬಂದ ಡಬ್ಬಿಯಲ್ಲಿ ಚೂರೂ ಉಳಿದಿರಲಿಲ್ಲ. ಚಟ್ನಿಯನ್ನು ಬೆರಳಿನಿಂದ ಬಳಿದುಕೊಂಡಿದ್ದ ಗೆರೆಗಳು ಹಾಗೆಯೇ ಇದ್ದವು. ತನ್ನ ಮಗಳು ಮೂರರ ಮೇಲೆ ನಾಲ್ಕನೆಯದನ್ನು ಎಂದೂ ಮುಟ್ಟಿದವಳಲ್ಲ. ಕೋಣೆಯಲ್ಲಿ ಜೊತೆಗೆ ಯಾರು ಯಾರು ಇದ್ದಾರೆಂದು ಅಂದು ರಾತ್ರಿ ಫೋನಿನಲ್ಲಿ ಕೇಳಿಕೊಂಡಳು. ಗುರುವಾರ ಹದಿನಾಲ್ಕು ಬಡಿದಳು.